ಮನೆಯಲ್ಲಿ ಮೂರು ಪಾಲು ಮಾಡಿದ ಕಸ ಆಟೋದಲ್ಲಿ ಒಂದಾಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಕೆಲವು ವರ್ಷಗಳಿಂದ ಹಸಿ ಕಸ, ಒಣ ಕಸ, ಪ್ಯಾಡ್-ಡೈಪರ್ ಮೂರನ್ನೂ ಬೇರೆ ಬೇರೆ ಇಡುತ್ತಿದ್ದೇವೆ. ಹಾಲಿನ ಕವರ್ ತೊಳೆದು ಒಣಗಿಸುತ್ತೇನೆ. ಆದರೆ ಆಟೋದವರು ಎಲ್ಲವನ್ನೂ ಒಂದೇ ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ನಮ್ಮ ಯಜಮಾನರು "ಸುಮ್ನೆ ನೀರು ದಂಡ" ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗ "ಇಲ್ಲಿ ಮಷೀನೇ ಬೇರೆ ಮಾಡುತ್ತೆ, ಅಲ್ಲಿ ಯಾಕಿಲ್ಲ?" ಅಂತಾನೆ. ನಮ್ಮ ಒಣ ಕಸ ನಿಜವಾಗಿ ಎಲ್ಲಿಗೆ ಹೋಗುತ್ತದೆ? ಏನೇನು ತೊಳೆಯಬೇಕು? ಯಾವುದು ಯಾವ ಡಬ್ಬಕ್ಕೆ ಅನ್ನುವುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಉತ್ತರ: ಮೊದಲು ನಿಮ್ಮ ಯಜಮಾನರ ಮಾತು ತೆಗೆದುಕೊಳ್ಳೋಣ. ನೀರು ದಂಡ ಆಗುತ್ತಿಲ್ಲ. ಹಾಗಂತ ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಬೇರೆ ಮಾಡಿ ಕೊಟ್ಟ ಕಸ ದಾರಿಯಲ್ಲಿ ಒಂದಾಗುವುದುಂಟು. ಒಂದಾದ ಹಾಗೆ ಕಂಡು, ನಿಜಕ್ಕೂ ಆಗದೇ ಇರುವುದೂ ಉಂಟು. ನಿಮ್ಮ ಬೀದಿಯಲ್ಲಿ ನಡೆಯುತ್ತಿರುವುದು ಇದರಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ನಾಳೆ ಬೆಳಿಗ್ಗೆ ಆಟೋ ಬಂದಾಗ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಹಿಂದಿನ ತೊಟ್ಟಿಯಲ್ಲಿ ಹಸಿ ಕಸ ಇರುತ್ತದೆ. ಗಾಡಿಯ ಅಕ್ಕಪಕ್ಕ, ಹಿಂಬದಿ, ಕೆಲವೊಮ್ಮೆ ಡ್ರೈವರ್ ಕೂರುವ ಜಾಗದ ಮೇಲೂ ದೊಡ್ಡ ದೊಡ್ಡ ಚೀಲಗಳು ನೇತಾಡುತ್ತಿರುತ್ತವೆ. ಸಹಾಯಕ ನಿಮ್ಮ ಚೀಲವನ್ನು ತೊಟ್ಟಿಯ ಮೇಲೆ ಇಟ್ಟ ಹಾಗೆ ನಿಮಗೆ ಕಾಣುತ್ತದೆ. ಗಾಡಿ ಮುಂದಿನ ತಿರುವು ದಾಟುವಷ್ಟರಲ್ಲಿ ಅವನು ಅದರೊಳಗಿನ ಬಾಟಲಿ, ರಟ್ಟು, ಡಬ್ಬಗಳನ್ನು ಆ ನೇತಾಡುವ ಚೀಲಗಳಿಗೆ ಹಂಚಿಬಿಟ್ಟಿರುತ್ತಾನೆ. ಸಂಜೆ ಗುಜರಿಗೆ ಹಾಕಿದರೆ ಕೈಗೆ ಒಂದಿಷ್ಟು ಕಾಸು. ನಿಯಮ ಹೇಳುವ ದಾರಿ ಇದಲ್ಲ, ನಿಜ. ಆದರೆ ಮರುಬಳಕೆ ಅನ್ನುವ ಲೆಕ್ಕದಲ್ಲಿ ಆ ಬಾಟಲಿ ಸರಿಯಾದ ಕಡೆಗೇ ಹೋಯಿತು. ಅವರ ಸಂಬಳ ನೋಡಿದರೆ ನನಗೆ ಆ ಕಾಸಿನ ಮೇಲೆ ಸಿಟ್ಟು ಬರುವುದಿಲ್ಲ.

ಇನ್ನು ನಿಜವಾಗಿಯೇ ಕಲಸುವುದು. ಇದಕ್ಕೆ ದೊಡ್ಡ ಕಾರಣ, ಒಣ ಕಸವನ್ನು ನಾವು ದಿನಾ ಕೊಡುವುದು. ಬೆಂಗಳೂರಿನ ಹೆಚ್ಚಿನ ಕಡೆ ಒಣ ಕಸಕ್ಕೆ ಅಂತ ವಾರದಲ್ಲಿ ಒಂದೋ ಎರಡೋ ದಿನ ಗೊತ್ತುಮಾಡಿರುತ್ತಾರೆ. ಎಷ್ಟೋ ವಾರ್ಡುಗಳಲ್ಲಿ ಅದಕ್ಕೆ ಗಾಡಿಯೇ ಬೇರೆ. ಹಸಿ ಕಸದ ದಿನ ನೀವು ಒಣ ಚೀಲ ಹಿಡಿದು ನಿಂತರೆ ಆಟೋದವರು ಏನು ಮಾಡಬೇಕು? ಅವರಿಗೆ ಇನ್ನೂ ನೂರಾರು ಮನೆ ಬಾಕಿ. ಹೊತ್ತಿಗೆ ಸರಿಯಾಗಿ ಕಾಂಪ್ಯಾಕ್ಟರ್ ಲಾರಿ ನಿಂತಿರುವ ಜಾಗ ಸೇರಬೇಕು. ಚೀಲ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಕಾಂಪ್ಯಾಕ್ಟರ್ ಅದನ್ನು ಒತ್ತಿ ಹಿಂಡಿದ ಮೇಲೆ ಸಾಂಬಾರು, ಪೇಪರು, ಕವರು ಎಲ್ಲಾ ಒಂದೇ ಮುದ್ದೆ. ಅದನ್ನು ಬಿಡಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಒಂದೇ ಮಾತು: ಹಸಿ ಕಸದ ದಿನ ಒಣ ಕಸವನ್ನು ಮನೆಯಿಂದ ಹೊರಗೇ ತರಬೇಡಿ. ಒಣಗಿದ ಕಸ ಕೊಳೆಯುವುದಿಲ್ಲ, ವಾಸನೆ ಬರುವುದಿಲ್ಲ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಒಂದು ದೊಡ್ಡ ಚೀಲ ನೇತುಹಾಕಿ. ವಾರವಲ್ಲ, ತಿಂಗಳು ಇದ್ದರೂ ಏನೂ ಆಗುವುದಿಲ್ಲ. ಒಣ ಕಸದ ದಿನ ಯಾವುದು ಅಂತ ನಿಮ್ಮ ಬೀದಿಯ ಪೌರಕಾರ್ಮಿಕರನ್ನೇ ಕೇಳಿ. ಕಚೇರಿಗೆ ಫೋನ್ ಮಾಡುವುದಕ್ಕಿಂತ ಬೇಗ ಗೊತ್ತಾಗುತ್ತದೆ.

ಈ ಹಸಿ-ಒಣ ಜಗಳ ಬೆಂಗಳೂರಿಗೆ ಬಂದದ್ದು ಯಾರದೋ ಶುಚಿತ್ವದ ಹುಚ್ಚಿನಿಂದ ಅಲ್ಲ. ಹಳಬರಿಗೆ ನೆನಪಿರಬಹುದು. 2012ರಲ್ಲಿ ನಗರದ ಹೊರಗಿನ ಮಾವಳ್ಳಿಪುರ ಅನ್ನುವ ಹಳ್ಳಿಯಲ್ಲಿ ಕಸ ಸುರಿಯುವುದು ನಿಂತಿತು. ಊರಿನ ಕಸದ ಭಾರ ಇನ್ನೊಂದು ಹಳ್ಳಿ ಮಂಡೂರಿನ ಮೇಲೆ ಬಿತ್ತು. ಅಲ್ಲಿನ ಜನ ಲಾರಿ ತಡೆದರು. ಬೆಂಗಳೂರಿನ ಬೀದಿ ಮೂಲೆಗಳಲ್ಲಿ ಕಸ ರಾಶಿ ಬಿದ್ದು ಕೊಳೆಯಿತು. ಅವರ ಹೋರಾಟ ಮುಂದುವರಿದು, 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಹೋಗುವುದು ನಿಂತಿತು. ನಮ್ಮ ಅಡುಗೆಮನೆಯ ಕಸ ಇನ್ನೊಬ್ಬರ ಕೊಳವೆಬಾವಿ ಕೆಡಿಸುತ್ತದೆ ಅನ್ನುವುದು ನಗರದವರಿಗೆ ಅರ್ಥವಾಗಿದ್ದು ಆಗಲೇ. ಮನೆಯಲ್ಲೇ ಕಸ ಬೇರ್ಪಡಿಸಬೇಕು ಅಂತ ಹೈಕೋರ್ಟ್ 2012ರಲ್ಲೇ ಹೇಳಿತ್ತು. ಕೆಲವು ಬಡಾವಣೆಗಳ ನಿವಾಸಿಗಳು ತಾವೇ ರೂಢಿಸಿಕೊಂಡಿದ್ದ "ಎರಡು ಡಬ್ಬ, ಒಂದು ಚೀಲ" ಪದ್ಧತಿಯನ್ನು 2015ರ ಡಿಸೆಂಬರ್‌ನಲ್ಲಿ ಇಡೀ ನಗರಕ್ಕೆ ಅನ್ವಯಿಸಿತು. ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಪ್ಯಾಡ್-ಡೈಪರ್‌ನಂಥದ್ದಕ್ಕೆ, ಚೀಲ ಒಣ ಕಸಕ್ಕೆ. ಆಮೇಲೆ 2016ರ ಏಪ್ರಿಲ್‌ನಲ್ಲಿ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮ ಬಂದು, ಮನೆಯಲ್ಲೇ ಬೇರ್ಪಡಿಸುವುದು ದೇಶಕ್ಕೆಲ್ಲ ಕಾನೂನಾಯಿತು.

ನಗರದ ಕಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಟೀ ಚರಟ. ಅದು ಒಂದೇ ಇದ್ದರೆ ಗೊಬ್ಬರವೋ ಗ್ಯಾಸೋ ಆಗುತ್ತದೆ. ಎಚ್‌ಎಸ್‌ಆರ್ ಲೇಔಟ್ ಪಕ್ಕದ ಕಾಂಪೋಸ್ಟ್ ನಿಗಮ ಶುರುವಾಗಿದ್ದೇ 1975ರಲ್ಲಿ, ಇದೇ ಕೆಲಸಕ್ಕೆ. ಪ್ಲಾಸ್ಟಿಕ್ ಬೆರೆತರೆ ಆ ಗೊಬ್ಬರವನ್ನು ರೈತ ಮುಟ್ಟುವುದಿಲ್ಲ. ಗಾಳಿಯಾಡದ ಗುಡ್ಡೆಯೊಳಗೆ ಸಿಕ್ಕಿದ ಹಸಿ ಕಸದಿಂದ ಮೀಥೇನ್ ಏಳುತ್ತದೆ, ಕಪ್ಪು ನೀರು ಇಳಿಯುತ್ತದೆ. ಮಂಡೂರಿನವರು ಕಂಡಿದ್ದು ಅದನ್ನೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಒಣ ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು.

ವಾರ್ಡಿಗೊಂದರಂತೆ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳು ಇವೆ, ಅಥವಾ ಇರಬೇಕು. ತಗಡಿನ ಶೆಡ್ಡು, ಒಂದು ತೂಕದ ಯಂತ್ರ, ಕೆಲವು ಕಡೆ ಮಾಲನ್ನು ಒತ್ತಿ ಬೇಲ್, ಅಂದರೆ ದೊಡ್ಡ ಕಟ್ಟು, ಮಾಡುವ ಮಷೀನು. ಇವುಗಳಲ್ಲಿ ಎಷ್ಟೋ ಕೇಂದ್ರಗಳನ್ನು ನಡೆಸುವವರು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಬೆಂಗಳೂರಿನ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಸ್ಥೆಗಳು ಜೊತೆಗೆ ನಿಂತವು. ಬೀದಿ ಬೀದಿ ಸುತ್ತಿ ಚೀಲ ಹೊತ್ತ ಮಹಿಳೆಯರು ಕೇಂದ್ರದ ಲೆಕ್ಕ ಬರೆಯುವ ಮಟ್ಟಕ್ಕೆ ಬಂದರು. ಕಸದ ವಿಷಯದಲ್ಲಿ ಬೆಂಗಳೂರು ಹೆಮ್ಮೆ ಪಡಬಹುದಾದ ಕೆಲವೇ ಕೆಲಸಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ.

ಸಾಧ್ಯವಾದರೆ ಒಂದು ದಿನ ಯಜಮಾನರನ್ನು ಕರೆದುಕೊಂಡು ನಿಮ್ಮ ವಾರ್ಡಿನ ಕೇಂದ್ರಕ್ಕೆ ಹೋಗಿ ಬನ್ನಿ. ಚೀಲಗಳನ್ನು ನೆಲಕ್ಕೆ ಸುರಿದು, ಸುತ್ತ ಕುಳಿತು ಆರಿಸುತ್ತಿರುತ್ತಾರೆ. ಕೈ ಎಷ್ಟು ಬೇಗ ಓಡುತ್ತದೆ ಅಂದರೆ ನಮ್ಮ ಕಣ್ಣು ಹಿಂದೆ ಬೀಳುತ್ತದೆ. ಕವರನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ಚರಚರ ಸದ್ದು ಬಂದರೆ ಎಚ್‌ಎಂ ಅನ್ನುವ ಪ್ಲಾಸ್ಟಿಕ್ ಜಾತಿ. ಸದ್ದಿಲ್ಲದೆ ಮೆತ್ತಗಿದ್ದು, ಎಳೆದಾಗ ಹಿಗ್ಗಿದರೆ ಎಲ್‌ಡಿ ಅನ್ನುವ ಜಾತಿ. ಹಾಲಿನ ಕವರ್ ಎಲ್‌ಡಿ ಜಾತಿಗೆ ಸೇರಿದ್ದು, ಅದಕ್ಕೆ ಒಳ್ಳೆಯ ಬೆಲೆ. ನೀರಿನ ಬಾಟಲಿ ಪೆಟ್. ಶಾಂಪೂ ಡಬ್ಬ ಎಚ್‌ಡಿ. ಹೋಟೆಲಿನಿಂದ ಬರುವ ಪಾರ್ಸಲ್ ಡಬ್ಬ ಪಿಪಿ. ರಟ್ಟು ಬೇರೆ, ಬಿಳಿ ಪೇಪರ್ ಬೇರೆ, ನ್ಯೂಸ್‌ಪೇಪರ್ ಬೇರೆ. ಕಬ್ಬಿಣ ಬೇರೆ, ಅಲ್ಯೂಮಿನಿಯಂ ಬೇರೆ. ನೀವು ಒಂದೇ ಚೀಲದಲ್ಲಿ ಕೊಟ್ಟಿದ್ದು ಅಲ್ಲಿ ಹತ್ತಾರು ಗುಡ್ಡೆ ಆಗುತ್ತದೆ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದಲ್ಲ, 1ರಿಂದ 7ರವರೆಗೆ? ಅದನ್ನು ಓದುತ್ತಾ ಕೂತವರನ್ನು ನಾನು ಅಲ್ಲಿ ಕಂಡಿಲ್ಲ. ಬೆರಳಿಗೇ ಗೊತ್ತಾಗುತ್ತದೆ.

ಅಲ್ಲಿಂದ ಬೇಲ್ ಕಟ್ಟಿದ ಮಾಲು ದೊಡ್ಡ ವ್ಯಾಪಾರಿಗಳಿಗೆ, ಮರುಬಳಕೆ ಘಟಕಗಳಿಗೆ ಹೋಗುತ್ತದೆ. ನಾಯಂಡಹಳ್ಳಿಯ ಕಡೆ ಪ್ಲಾಸ್ಟಿಕ್‌ನ ದೊಡ್ಡ ವಹಿವಾಟಿದೆ. ಸಿಟಿ ಮಾರ್ಕೆಟ್ ಹತ್ತಿರದ ಜಾಲಿ ಮೊಹಲ್ಲಾ ಗುಜರಿ ವ್ಯಾಪಾರದ ಹಳೇ ಜಾಗ. ಪೆಟ್ ಬಾಟಲಿಯನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಬಿಡುತ್ತಾರೆ. ಪೆಟ್ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಎರಡೂ ತಾವಾಗಿ ಬೇರೆ ಆಗುತ್ತವೆ. ಹಾಗಾಗಿ ಮುಚ್ಚಳ ಬಾಟಲಿಯಲ್ಲೇ ಇರಲಿ. ಬಿಡಿಯಾಗಿ ಕೊಟ್ಟರೆ ಎಲ್ಲೋ ಉದುರಿ ಹೋಗುತ್ತದೆ. ಪೆಟ್ ಚೂರಿನಲ್ಲಿ ಬಹುಪಾಲು ಪಾಲಿಯೆಸ್ಟರ್ ನೂಲಾಗುತ್ತದೆ. ಎಲ್‌ಡಿ, ಎಚ್‌ಎಂ ಕರಗಿ ಕಾಳಿನಂಥ ದಾಣ ಆಗಿ, ಮತ್ತೆ ಪೈಪು, ಶೀಟು, ಕವರು ಆಗುತ್ತವೆ. ಅಲ್ಯೂಮಿನಿಯಂ ಅಂತೂ ರಾಜ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಬೇಕಾಗುವ ವಿದ್ಯುತ್ತು, ಇಂಧನ ಸುಮಾರು ಶೇಕಡಾ 5 ಅಷ್ಟೇ.

ಯಾರೂ ಕೊಳ್ಳದ ಮಾಲೂ ಇದೆ. ಚಿಪ್ಸ್ ಪ್ಯಾಕೆಟ್, ಬಿಸ್ಕತ್ ಹೊದಿಕೆ, ಶಾಂಪೂ ಸ್ಯಾಶೆ. ಇವುಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಅಂಟಿಕೊಂಡಿರುತ್ತದೆ. ಬಿಡಿಸಲು ತಗಲುವ ಖರ್ಚು ಸಿಗುವ ಬೆಲೆಗಿಂತ ಜಾಸ್ತಿ. ಇಂಥದ್ದರಲ್ಲಿ ಒಂದು ಪಾಲು ಸಿಮೆಂಟ್ ಕಾರ್ಖಾನೆಗಳಿಗೆ ಇಂಧನವಾಗಿ ಹೋಗುತ್ತದೆ. ಅಲ್ಲಿನ ಕುಲುಮೆಯಲ್ಲಿ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ, ತಯಾರಾಗುವುದು 1,450 ಡಿಗ್ರಿ ಆಸುಪಾಸಿನ ಶಾಖದಲ್ಲಿ. ಡಾಂಬರಿನ ಜೊತೆ ರಸ್ತೆಗೆ ಬೆರೆಸುವುದೂ ಬೆಂಗಳೂರಿನಲ್ಲಿ ಬಹಳ ಹಿಂದೆಯೇ ಶುರುವಾಯಿತು. ಇದನ್ನು ಮರುಬಳಕೆ ಅಂತ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಸುಟ್ಟಿದ್ದು ಸುಟ್ಟಿದ್ದೇ. ಆದರೆ ರಾಜಕಾಲುವೆಗೆ ಬೀಳುವುದಕ್ಕಿಂತ, ಬೀದಿಯಲ್ಲಿ ಬೆಂಕಿ ಹಚ್ಚುವುದಕ್ಕಿಂತ ಎಷ್ಟೋ ವಾಸಿ. ಇಂಥ ಪೊಟ್ಟಣ ಮಾಡಿದ ಕಂಪನಿಗಳೇ ಅದನ್ನು ವಾಪಸ್ ತೆಗೆದುಕೊಳ್ಳುವ ಹೊಣೆ ಹೊರಬೇಕು ಅಂತ ಕಾನೂನಿದೆ. ಆ ದುಡ್ಡು ಆರಿಸುವವರ ಕೈವರೆಗೂ ಬಂದರೆ ಆಟವೇ ಬೇರೆ ಆಗುತ್ತದೆ.

ನಿಮ್ಮ ಮಗನ ಮಾತಿಗೆ ಬರೋಣ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಪೇಪರು, ಬಾಟಲಿ, ಡಬ್ಬ ಎಲ್ಲಾ ಒಂದೇ ತೊಟ್ಟಿಗೆ ಹಾಕುತ್ತಾರೆ ನಿಜ. ಅದು ಹೋಗಿ ಬೀಳುವುದು ದೊಡ್ಡ ಬೆಲ್ಟಿನ ಮೇಲೆ. ತಿರುಗುವ ಜರಡಿಗಳು ಅಳತೆಯ ಮೇಲೆ ಬೇರೆ ಮಾಡುತ್ತವೆ. ಅಯಸ್ಕಾಂತ ಕಬ್ಬಿಣ ಎತ್ತುತ್ತದೆ. ಇನ್ನೊಂದು ಯಂತ್ರ ಅಲ್ಯೂಮಿನಿಯಂ ಡಬ್ಬಗಳನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ಅತಿಗೆಂಪು ಬೆಳಕಿನ ಕ್ಯಾಮೆರಾ ಪ್ಲಾಸ್ಟಿಕ್ ಯಾವುದು ಅಂತ ಗುರುತಿಸಿ, ಗಾಳಿ ಊದಿ ಬೇರೆ ಮಾಡುತ್ತದೆ. ಆದರೂ ಅಲ್ಲಿ ಬೆಲ್ಟಿನ ಪಕ್ಕ ಮನುಷ್ಯರು ನಿಂತೇ ಇರುತ್ತಾರೆ. ಕಪ್ಪು ಬಣ್ಣದ ಪ್ಲಾಸ್ಟಿಕ್ ಆ ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಗಾಜು ಒಡೆದು ಪೇಪರಿನೊಳಗೆ ಸೇರಿ ಪೇಪರ್ ಕೆಡುತ್ತದೆ. ಇನ್ನು ನಮ್ಮ ಹಾಲಿನ ಕವರಿನಂಥ ತೆಳು ಪ್ಲಾಸ್ಟಿಕ್ ಆ ಯಂತ್ರಗಳಿಗೆ ದೊಡ್ಡ ತಲೆನೋವು. ರೋಲರಿಗೆ ಸುತ್ತಿಕೊಂಡು ಇಡೀ ಘಟಕವೇ ನಿಲ್ಲುತ್ತದೆ. ಅದಕ್ಕೇ ಅಲ್ಲಿನ ಊರುಗಳು "ಕವರ್‌ಗಳನ್ನು ಈ ತೊಟ್ಟಿಗೆ ಹಾಕಬೇಡಿ" ಅಂತ ಬೇಡಿಕೊಳ್ಳುತ್ತವೆ. ನೀವು ಇಲ್ಲಿ ತೊಳೆದು ಕೊಡುವ ಹಾಲಿನ ಕವರಿಗೆ ಬೆಲೆ ಸಿಗುತ್ತಿದೆ, ಅಲ್ಲಿ ಅದೇ ಕವರು ರಗಳೆ. ಮಗನಿಗೆ ಇದನ್ನು ಹೇಳಿ, ಸ್ವಲ್ಪ ಜಂಬದಿಂದಲೇ ಹೇಳಿ.

ಹಾಗಂತ ನಮ್ಮದೇ ಸರಿ ಅಂತ ಅಲ್ಲ. ಇಲ್ಲಿ ಯಂತ್ರದ ಜಾಗದಲ್ಲಿ ಒಬ್ಬ ಹೆಂಗಸಿನ ಬರಿಗೈ ಇದೆ. ಕೈಗವಸು ಕೊಟ್ಟರೂ ಎಷ್ಟೋ ಜನ ಹಾಕಿಕೊಳ್ಳುವುದಿಲ್ಲ. ಕವಸಿನೊಳಗೆ ಕವರು ಎಲ್‌ಡಿಯೋ ಎಚ್‌ಎಮ್ಮೋ ಬೆರಳಿಗೆ ತಿಳಿಯುವುದಿಲ್ಲವಲ್ಲ. ಮನೆಯಲ್ಲಿ ಏನು ಬೇರೆ ಮಾಡಬೇಕು, ಎಷ್ಟು ಮಾಡಬೇಕು ಅನ್ನುವ ನನ್ನ ಲೆಕ್ಕವೆಲ್ಲ ನಿಂತಿರುವುದು ಆ ಕೈ ಮೇಲೆ. ನೀವು ಹತ್ತು ಡಬ್ಬ ಇಟ್ಟುಕೊಂಡು ಪ್ಲಾಸ್ಟಿಕ್ ಜಾತಿ ಕಂಡುಹಿಡಿಯುವ ಅಗತ್ಯ ಇಲ್ಲ, ಆ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಣ ಚೀಲಕ್ಕೆ ಒದ್ದೆಯದು ಬೀಳಬಾರದು, ಕೈಗೆ ಗಾಯ ಮಾಡುವಂಥದ್ದು ಬೀಳಬಾರದು. ಇಷ್ಟು ನೋಡಿಕೊಂಡರೆ ನಿಮ್ಮ ಪಾಲಿನದು ಮುಗಿಯಿತು.

ತೊಳೆಯುವ ವಿಷಯ. ಹೊಳೆಯುವಂತೆ ತೊಳೆಯಬೇಕಿಲ್ಲ. ಅಂಟಿದ ಆಹಾರ ಹೋದರೆ ಸಾಕು. ಹಾಲಿನ ಕವರಿಗೆ ಸ್ವಲ್ಪ ನೀರು ಹಾಕಿ ಕುಲುಕಿ ಅದನ್ನು ಹಾಲಿನ ಪಾತ್ರೆಗೇ ಬಿಡುವುದು ನಮ್ಮ ಎಷ್ಟೋ ಮನೆಗಳಲ್ಲಿ ಮೊದಲಿಂದಲೂ ಇದೆ, ಅಲ್ವಾ? ಅಷ್ಟೇ ಸಾಕು. ಆಮೇಲೆ ಸಿಂಕಿನ ಮೇಲೆ ಒಂದು ತಂತಿಗೆ ಕ್ಲಿಪ್ ಹಾಕಿ ನೇತುಬಿಡಿ. ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಒದ್ದೆ ಕವರು ಚೀಲದೊಳಗೆ ಎರಡು ದಿನ ಇದ್ದರೆ ಬೂಸ್ಟು ಹಿಡಿದು ಪಕ್ಕದ ಪೇಪರನ್ನೂ ಕೆಡಿಸುತ್ತದೆ. ಪಾರ್ಸಲ್ ಡಬ್ಬ, ಮೊಸರಿನ ಡಬ್ಬ, ತುಪ್ಪದ ಜಾಡಿಯನ್ನು ಪಾತ್ರೆ ತೊಳೆದ ಕೊನೆಯ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅದಕ್ಕೆ ಅಂತ ನಲ್ಲಿ ತಿರುಗಿಸಬೇಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಊರು ಇದು. ಎಣ್ಣೆ ಕವರ್ ಒಂದು ರಗಳೆ. ಪೂರ್ತಿ ಸೋರಿಸಿ, ಹಳೇ ಪೇಪರಲ್ಲಿ ಒರೆಸಿ ಹಾಕಿ. ಪೇಪರನ್ನಂತೂ ತೊಳೆಯುವ ಮಾತೇ ಇಲ್ಲ. ಒದ್ದೆಯಾದರೆ ಅದರ ಕಥೆ ಮುಗಿಯಿತು, ಹಸಿ ಕಸಕ್ಕೆ ಹಾಕಿ.

ಹಾಲಿನ ಕವರಿನ ಬಗ್ಗೆ ಇನ್ನೊಂದು ಚಿಕ್ಕ ಮಾತು. ಮೂಲೆ ಕತ್ತರಿಸುವಾಗ ಆ ಚೂರನ್ನು ಪೂರ್ತಿ ಬೇರೆ ಮಾಡಬೇಡಿ. ಅಂಚಿನಲ್ಲಿ ಅಂಟಿಕೊಂಡೇ ಇರುವ ಹಾಗೆ ಕತ್ತರಿಸಿ. ಉಗುರಿನಷ್ಟು ಚೂರನ್ನು ಯಾರೂ ಆರಿಸುವುದಿಲ್ಲ. ಅದು ಸಿಂಕಿನಿಂದ ಚರಂಡಿಗೆ, ಇಲ್ಲವೇ ಹಸಿ ಕಸದ ಜೊತೆ ಗೊಬ್ಬರಕ್ಕೆ ಹೋಗುತ್ತದೆ. ದಿನಕ್ಕೆ ಎಷ್ಟು ಲಕ್ಷ ಪ್ಯಾಕೆಟ್ ಹಾಲು ಈ ಊರಲ್ಲಿ ಒಡೆಯುತ್ತಾರೆ ಅಂತ ಯೋಚಿಸಿ.

ಗೊಂದಲ ಮಾಡುವ ಸಾಮಾನುಗಳಲ್ಲಿ ಜನ ಜಾಸ್ತಿ ಕೇಳುವುದನ್ನು ಹೇಳಿಬಿಡುತ್ತೇನೆ. ಬಾಳೆಲೆ, ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆ ಹಸಿ ಕಸ. ಊಟದ ಕೈ ಒರೆಸಿದ ಟಿಶ್ಯೂ ಹಸಿ ಕಸ. ಪಿಜ್ಜಾ ಡಬ್ಬದಲ್ಲಿ ಎಣ್ಣೆ ಹತ್ತಿದ ಭಾಗ ಹರಿದು ಹಸಿ ಕಸಕ್ಕೆ, ಚೊಕ್ಕ ಇರುವ ಭಾಗ ಒಣ ಕಸಕ್ಕೆ. ಪೇಪರ್ ಕಪ್ ಹೆಸರಿಗೆ ಮಾತ್ರ ಪೇಪರ್, ಒಳಗೆ ಪ್ಲಾಸ್ಟಿಕ್ ಪದರ ಇದೆ; ತೊಳೆದು ಒಣ ಚೀಲಕ್ಕೆ ಹಾಕಿ, ಅದಕ್ಕಿಂತ ಮನೆಗೆ ತರದೆ ಇರುವುದು ಒಳ್ಳೆಯದು. ಜ್ಯೂಸಿನ ಟೆಟ್ರಾ ಪ್ಯಾಕ್ ಬಿಸಾಡಬೇಡಿ. ಅದರಲ್ಲಿ ಮುಕ್ಕಾಲು ಪಾಲು ಒಳ್ಳೆಯ ಪೇಪರ್, ಉಳಿದಿದ್ದು ಪ್ಲಾಸ್ಟಿಕ್ ಮತ್ತು ಸ್ವಲ್ಪ ಅಲ್ಯೂಮಿನಿಯಂ. ಅದನ್ನು ಬಿಡಿಸುವ ಘಟಕಗಳಿವೆ. ಚಪ್ಪಟೆ ಮಾಡಿ ಕೊಡಿ. ಅಂಗಡಿ, ಎಟಿಎಂನ ನುಣುಪು ರಸೀದಿ ಮಾಮೂಲಿ ಪೇಪರ್ ಅಲ್ಲ, ರದ್ದಿ ಜೊತೆ ಸೇರಿಸಬೇಡಿ. ಥರ್ಮಾಕೋಲ್ ಬರೀ ಗಾಳಿ. ಗಾಡಿ ತುಂಬಿದರೂ ತೂಕ ಬರುವುದಿಲ್ಲ, ಅದಕ್ಕೇ ಎಲ್ಲರೂ ಮುಖ ತಿರುಗಿಸುತ್ತಾರೆ. ಒಣ ಕಸದ ದಿನ ಬೇರೆಯಾಗಿ ಕಟ್ಟಿ ಕೊಡಿ. ಹಳೇ ಬಟ್ಟೆ, ಚಪ್ಪಲಿ, ಬ್ಯಾಗು ಒಣ ಕಸವೇ, ಆದರೆ ಬೇರೆ ಗಂಟು ಕಟ್ಟಿ. ಎಳನೀರು ಬುರುಡೆ ಹಸಿ ಕಸ ಅಂತ ಅನ್ನಿಸುತ್ತದೆ. ಅದು ಕೊಳೆಯಲು ತಿಂಗಳುಗಟ್ಟಲೆ ಬೇಕು, ಚೂರು ಮಾಡುವ ಯಂತ್ರಕ್ಕೂ ಕಷ್ಟ. ಒಂದೆರಡಾದರೆ ಪಕ್ಕಕ್ಕಿಟ್ಟು ಆಟೋದವರ ಕೈಗೆ ಕೊಡಿ, ಡಬ್ಬದೊಳಗೆ ತುರುಕಬೇಡಿ. ಕಸ ಗುಡಿಸಿದ ಧೂಳು, ಕೂದಲು ಕೆಂಪು ಡಬ್ಬಕ್ಕೆ.

ಇನ್ನು ಹಸಿ ಕಸವನ್ನು ಕವರಿನಲ್ಲಿ ಗಂಟು ಕಟ್ಟಿ ಕೊಡುವ ಚಾಳಿ. ಇದೊಂದು ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಆ ಗಂಟನ್ನು ಯಾರೋ ಒಬ್ಬರು ಕೈಯಲ್ಲಿ ಹರಿದು ಒಳಗಿನದನ್ನು ಸುರಿಯಬೇಕು. ಡಬ್ಬದ ತಳಕ್ಕೆ ಹಳೇ ನ್ಯೂಸ್‌ಪೇಪರ್ ಹಾಸಿ, ಸಾರು-ಸಾಂಬಾರಿನ ನೀರು ಬಸಿದು ಹಾಕಿ, ಡಬ್ಬವನ್ನೇ ತಂದು ಸುರಿಯಿರಿ. ಜೈವಿಕ ಕವರ್ ಅಂತ ಮಾರುವವರ ಮಾತಿಗೂ ಮರುಳಾಗಬೇಡಿ. ಕಾಂಪೋಸ್ಟ್ ಘಟಕದಲ್ಲಿ ನಿಂತವರಿಗೆ ಆ ಕವರು ಯಾವುದು, ಮಾಮೂಲಿ ಪ್ಲಾಸ್ಟಿಕ್ ಯಾವುದು ಅಂತ ದೂರದಿಂದ ಗೊತ್ತಾಗುವುದಿಲ್ಲ. ಎರಡನ್ನೂ ಕಿತ್ತು ಎಸೆಯುತ್ತಾರೆ.

ಕೆಂಪು ಡಬ್ಬದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಪ್ಯಾಡ್, ಡೈಪರ್, ಬ್ಯಾಂಡೇಜ್‌ಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಒಳಗೇನಿದೆ ಅಂತ ಬಿಚ್ಚಿ ನೋಡುವ ಪಾಡು ಯಾರಿಗೂ ಬರಬಾರದು. ಒಂದು ಡೈಪರ್ ಒಣ ಚೀಲಕ್ಕೆ ಬಿದ್ದರೆ ಆ ಚೀಲದ ಪೇಪರೆಲ್ಲ ಹಾಳು. ಒಡೆದ ಗಾಜನ್ನು ದಪ್ಪ ಪೇಪರಲ್ಲಿ ಸುತ್ತಿ, ಟೇಪ್ ಹಾಕಿ, ಕೈಗೆ ಕೊಡುವಾಗ "ಗಾಜು ಇದೆ" ಅಂತ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಳಗೆ ತುಂಬಿಸಿ, ಮುಚ್ಚಳ ಬಿಗಿದು, ಹೊರಗೆ "ಸೂಜಿ" ಅಂತ ಕನ್ನಡದಲ್ಲಿ ಬರೆದು ಕೊಡಿ. ಬ್ಲೇಡಿಗೂ ಹೀಗೇ ಮಾಡಿ. ಕಸ ಆರಿಸುವವರ ಕೈಗೆ ಚುಚ್ಚಿದ ಸೂಜಿ ಯಾರ ಮನೆಯದು, ಅವರಿಗೆ ಏನು ಕಾಯಿಲೆ ಇತ್ತು ಅಂತ ಹುಡುಕಲು ಆಗುವುದಿಲ್ಲ. ಪರೀಕ್ಷೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೆದರಿಕೊಂಡು ಕೂರಬೇಕು.

2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಘನತ್ಯಾಜ್ಯ ನಿಯಮ ಮೂರರ ಬದಲು ನಾಲ್ಕು ಪಾಲು ಕೇಳುತ್ತದೆ. ಹಸಿ, ಒಣ, ಪ್ಯಾಡ್-ಡೈಪರ್, ನಾಲ್ಕನೆಯದು ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ಕಸ. ಬಣ್ಣದ ಡಬ್ಬ, ಬಲ್ಬು, ಅವಧಿ ಮುಗಿದ ಔಷಧಿ ಈ ನಾಲ್ಕನೆಯದಕ್ಕೆ ಬರುತ್ತವೆ. ಟ್ಯೂಬ್‌ಲೈಟು, ಸಿಎಫ್‌ಎಲ್ ಒಳಗೆ ಪಾದರಸ ಇರುತ್ತದೆ, ಒಡೆಯದಂತೆ ಇಡಿ. ಇದು ದಿನಾ ಹುಟ್ಟುವ ಕಸ ಅಲ್ಲ, ಒಂದು ಹಳೇ ಬಕೆಟ್ ಮೂಲೆಯಲ್ಲಿದ್ದರೆ ವರ್ಷಕ್ಕೆ ಸಾಕಾಗುತ್ತದೆ.

ಗುಜರಿಯವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೆಚ್ಚಿನ ಮನೆಗಳಲ್ಲಿ ಪೇಪರು, ರಟ್ಟು, ಕಬ್ಬಿಣ, ಪೆಟ್ ಬಾಟಲಿ ಎಲ್ಲಾ ತೂಕಕ್ಕೆ ಹಾಕಿ, ಯಾರಿಗೂ ಬೇಡವಾದ ಚಿಪ್ಸ್ ಪ್ಯಾಕೆಟ್, ಥರ್ಮಾಕೋಲ್ ಮಾತ್ರ ಒಣ ಚೀಲಕ್ಕೆ ಬರುತ್ತದೆ. ಮಾರುವುದು ನಿಮ್ಮ ಹಕ್ಕು, ತಪ್ಪೇನಿಲ್ಲ. ಗುಜರಿ ಅಂಗಡಿ ಇಲ್ಲದಿದ್ದರೆ ಈ ದೇಶದ ಅರ್ಧ ಕಾಗದ, ಕಬ್ಬಿಣ ತಿಪ್ಪೆ ಸೇರುತ್ತಿತ್ತು. ಆದರೆ ವಾರ್ಡಿನ ಕೇಂದ್ರ ನಡೆಯುವುದು ಬಹುಮಟ್ಟಿಗೆ ಬೆಲೆ ಬರುವ ಮಾಲಿನ ಮೇಲೆಯೇ. ರಟ್ಟು, ಹಾಲಿನ ಕವರು ಮಾರಿದ ದುಡ್ಡಲ್ಲೇ ಬೆಲೆಯಿಲ್ಲದ ಪ್ಯಾಕೆಟ್ಟನ್ನೂ ಆರಿಸಿ, ಕಟ್ಟಿ, ಸಾಗಿಸಬೇಕು. ಕಚ್ಚಾ ತೈಲದ ಬೆಲೆ ಇಳಿದಾಗ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ, ಹಳೆಯದನ್ನು ಕೇಳುವವರು ಕಡಿಮೆಯಾಗುತ್ತಾರೆ. ಆಗ ಕೇಂದ್ರದಲ್ಲಿ ಕೂಲಿ ಕೊಡುವುದಕ್ಕೂ ತಿಣುಕಾಟ. ನ್ಯೂಸ್‌ಪೇಪರ್ ಮಾರಿಕೊಳ್ಳಿ, ಹಾಲಿನ ಕವರ್, ರಟ್ಟು, ಬಾಟಲಿಯನ್ನಾದರೂ ಒಣ ಚೀಲಕ್ಕೆ ಬಿಡಿ ಅಂತ ನಾನು ಪರಿಚಯದವರಿಗೆಲ್ಲ ಹೇಳುತ್ತಿರುತ್ತೇನೆ. ಇನ್ನು ಆನ್‌ಲೈನ್ ಸಾಮಾನಿನ ರಟ್ಟಿನ ಡಬ್ಬವನ್ನು ಬಿಚ್ಚಿ, ಟೇಪ್ ಕಿತ್ತು, ಚಪ್ಪಟೆ ಮಾಡಿ ಕೊಟ್ಟರೆ ಗಾಡಿಯಲ್ಲಿ ಜಾಗವೂ ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ, ಒಣ ಕಸದ ದಿನವೇ ನಿಮ್ಮ ಕಣ್ಣೆದುರು ಹಸಿ ಕಸದೊಳಗೆ ಸುರಿದರೆ? ಆಟೋದವರ ಜೊತೆ ಜಗಳ ಆಡಬೇಡಿ. ಗಾಡಿ, ದಾರಿ, ಹೊತ್ತು ಯಾವುದನ್ನೂ ನಿರ್ಧರಿಸುವುದು ಅವರಲ್ಲ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಾಗಿವೆ, ಘನತ್ಯಾಜ್ಯಕ್ಕೆ ಅಂತ ಪ್ರತ್ಯೇಕ ಕಂಪನಿಯೂ ಇದೆ. ಗಾಡಿ ನಂಬರು, ದಿನ, ಹೊತ್ತು ಬರೆದು ನಿಮ್ಮ ಭಾಗದಲ್ಲಿ ಕಸದ ಮೇಲೆ ನಿಗಾ ಇಡುವ ಮಾರ್ಷಲ್‌ಗೆ ಅಥವಾ ಇಂಜಿನಿಯರ್‌ಗೆ ಕೊಡಿ. ಒಬ್ಬರೇ ಹೋದರೆ "ನೋಡೋಣ" ಅಂತಾರೆ. ಬೀದಿಯ ಹತ್ತು ಮನೆಯವರು ಸಹಿ ಹಾಕಿ ಕೊಟ್ಟರೆ ಕಾಗದಕ್ಕೆ ತೂಕ ಬರುತ್ತದೆ. ದೂರಿನಲ್ಲಿ "ಕಸ ಕಲಸುತ್ತಾರೆ" ಅಂತ ಮಾತ್ರ ಬರೆಯಬೇಡಿ. "ನಮ್ಮ ಬೀದಿಗೆ ಒಣ ಕಸದ ಗಾಡಿ ಯಾವ ದಿನ, ಎಷ್ಟು ಗಂಟೆಗೆ? ಅದು ಯಾವ ಕೇಂದ್ರಕ್ಕೆ ಹೋಗುತ್ತದೆ?" ಅಂತ ಕೇಳಿ. ಪ್ರಶ್ನೆ ಹೀಗಿದ್ದರೆ ದಿನ, ಗಂಟೆ, ಜಾಗ ಹೇಳದೆ ಜಾರಿಕೊಳ್ಳಲು ಆಗುವುದಿಲ್ಲ. ಅಲ್ಲಿಯವರೆಗೆ, ಕೇಂದ್ರ ಹತ್ತಿರವಿದ್ದರೆ ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಚೀಲ ಒಯ್ದು ನೇರವಾಗಿ ಕೊಡಬಹುದು. ಹೋಗುವ ಮುಂಚೆ ಕೇಂದ್ರ ತೆರೆದಿರುವ ಹೊತ್ತು ವಿಚಾರಿಸಿಕೊಳ್ಳಿ.

ಕೊನೆಯದಾಗಿ, ಮೊಬೈಲಿನ ಹಳೇ ಬ್ಯಾಟರಿ, ಪವರ್ ಬ್ಯಾಂಕ್, ಮಕ್ಕಳ ಆಟಿಕೆಯ ಬ್ಯಾಟರಿ ಯಾವತ್ತೂ ಒಣ ಚೀಲಕ್ಕೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಒತ್ತಡಕ್ಕೆ ಸಿಕ್ಕರೆ, ತೂತಾದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸುತ್ತ ಪೇಪರು, ಪ್ಲಾಸ್ಟಿಕ್ಕು ತುಂಬಿರುವ ಶೆಡ್ಡಿನಲ್ಲಿ ಒಂದು ಕಿಡಿ ಸಾಕು. ಬ್ಯಾಟರಿಯ ಎರಡೂ ತುದಿಗೆ ಸೆಲ್ಲೋ ಟೇಪ್ ಅಂಟಿಸಿ, ಹಳೇ ಚಾರ್ಜರ್, ಇಯರ್‌ಫೋನ್, ರಿಮೋಟ್ ಜೊತೆ ಒಂದು ಡಬ್ಬದಲ್ಲಿ ಇಟ್ಟುಕೊಂಡು, ತುಂಬಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಸಂಗ್ರಹ ಕೇಂದ್ರಕ್ಕೋ, ಹಳೇದು ವಾಪಸ್ ತೆಗೆದುಕೊಳ್ಳುವ ಎಲೆಕ್ಟ್ರಾನಿಕ್ಸ್ ಅಂಗಡಿಗೋ ಕೊಡಿ.